ಪೈಲ್ವಾನ್ ಕೋಜಾ ಯೂಸುಫ್

ಗರಡಿ ಮನೆಯನ್ನು ಬಲ್ಲವರಿಗೆ ಪೈಲ್ವಾನ್ ಎಂಬ ಪದದ ಅರ್ಥ ಹೇಳಬೇಕಾಗಿಲ್ಲ. ಪಾರ್ಸಿ ಭಾಷೆಯಲ್ಲಿ ಹುಟ್ಟಿದ ಈ ಪದ ಪೂರ್ವಕ್ಕೆ ಬಂದು ನಮ್ಮಲ್ಲಿ ಪೈಲ್ವಾನ್ ಆಯಿತು. ಪಶ್ಚಿಮಕ್ಕೆ ಹೋಗಿ ತುರ್ಕರ ನಾಲಗೆಯಲ್ಲಿ ಪೆಹ್ಲಿವಾನ್ ಆಯಿತು. ಹತ್ತೊಂಬತ್ತನೆಯ ಶತಮಾನದ ಉಸ್ಮಾನೀ ಸಾಮ್ರಾಜ್ಯದಲ್ಲಿ ಪೆಹ್ಲಿವಾನರಿಗೆ ಕೊರತೆಯಿರಲಿಲ್ಲ. ಆದರೆ ಅವರೆಲ್ಲರ ನಡುವೆ ತುರ್ಕಿಯ ಮಕ್ಕಳು ಇಂದಿಗೂ ಮರೆಯದ ಹೆಸರು ಒಂದೇ: ಕೋಜಾ ಯೂಸುಫ್. ಕೋಜಾ ಎಂದರೆ ದೊಡ್ಡ, ಭಾರೀ ಎಂದರ್ಥ. ತಂದೆಯ ಹೆಸರು ಇಸ್ಮಾಈಲ್. ಆದ್ದರಿಂದ ಅಮೆರಿಕದ ಪತ್ರಿಕೆಗಳು ಅವರನ್ನು ಯೂಸುಫ್ ಇಸ್ಮಾಈಲೋ ಎಂದು ಬರೆದವು. ಅಷ್ಟಕ್ಕೆ ನಿಲ್ಲಿಸದೆ ಇನ್ನೊಂದು ಹೆಸರನ್ನೂ ಅಂಟಿಸಿದವು: ಭಯಂಕರ ತುರ್ಕ. ಆ ಹೆಸರು ಅವರ ನಿಜವಾದ ಹೆಸರಿಗಿಂತ ದೂರ ಹೋಯಿತು.

ಯೂಸುಫ್ ಹುಟ್ಟಿದ್ದು 1857ರಲ್ಲಿ, ಶುಮ್ನು ಪಟ್ಟಣದ ಬಳಿಯ ಕರಲಾರ್ ಎಂಬ ಹಳ್ಳಿಯಲ್ಲಿ. ಆ ಪ್ರದೇಶಕ್ಕೆ ತುರ್ಕರು ಇಟ್ಟ ಹೆಸರು ದೆಲಿಓರ್ಮಾನ್, ಅಂದರೆ ಹುಚ್ಚು ಕಾಡು. ಇಂದು ಅದು ಈಶಾನ್ಯ ಬಲ್ಗೇರಿಯಾಕ್ಕೆ ಸೇರಿದೆ. ಆಗ ಅದು ಉಸ್ಮಾನೀ ಆಡಳಿತದಲ್ಲಿತ್ತು. ದೆಲಿಓರ್ಮಾನಿನ ಮುಸ್ಲಿಮ್ ರೈತರು ಬೇಸಾಯ ಮತ್ತು ಜಾನುವಾರುಗಳನ್ನು ನಂಬಿ ಬದುಕಿದವರು. ಮದುವೆಯಿರಲಿ, ಹಬ್ಬವಿರಲಿ, ಕುಸ್ತಿಯಿಲ್ಲದೆ ಅಲ್ಲಿ ಯಾವ ಸಂಭ್ರಮವೂ ಪೂರ್ಣವಾಗುತ್ತಿರಲಿಲ್ಲ. ಗೆದ್ದವನಿಗೆ ಟಗರು, ಎತ್ತು, ಕೆಲವೊಮ್ಮೆ ಒಂಟೆ ಬಹುಮಾನ. ಕೋಜಾ ಯೂಸುಫ್ ಮಾತ್ರವಲ್ಲ, 1899ರಲ್ಲಿ ಪ್ಯಾರಿಸ್ಸಿನಲ್ಲಿ ವಿಶ್ವ ಚಾಂಪಿಯನ್ ಎನಿಸಿದ ಕಾರಾ ಅಹ್ಮದ್, ದೈತ್ಯದೇಹಿ ಫಿಲಿಝ್ ನೂರುಲ್ಲಾ, ಕುರ್ತ್‌ದೆರೆಲಿ ಮೆಹ್ಮದ್ ಮುಂತಾದವರೂ ಆ ಕಾಡುನಾಡಿನ ಮಕ್ಕಳೇ.

ಅವರ ಕುಸ್ತಿ ನಮ್ಮ ಮಣ್ಣಿನ ಕುಸ್ತಿಯಂತಲ್ಲ. ಅದು ಹುಲ್ಲು ಮೈದಾನದಲ್ಲಿ ನಡೆಯುವ ಎಣ್ಣೆ ಕುಸ್ತಿ. ಪೈಲ್ವಾನರು ತಲೆಯಿಂದ ಕಾಲಿನವರೆಗೆ ಆಲಿವ್ ಎಣ್ಣೆ ಸುರಿದುಕೊಳ್ಳುತ್ತಾರೆ. ಹಿಡಿದದ್ದೆಲ್ಲ ಜಾರುತ್ತದೆ. ಆದ್ದರಿಂದ ಬರೀ ತೋಳ್ಬಲ ಅಲ್ಲಿ ಸಾಲದು. ತಾಳ್ಮೆ ಬೇಕು, ಉಸಿರು ಬೇಕು. ತೊಡುವುದು ಕಿಸ್ಪೆತ್ ಎಂಬ ಚರ್ಮದ ಚಲ್ಲಣ. ಎಮ್ಮೆಯ ಅಥವಾ ಕರುವಿನ ತೊಗಲಿನಿಂದ ಹೊಲಿದ ಅದು ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ಬಿಗಿಯಾಗಿ ಮುಚ್ಚುತ್ತದೆ. ಮರೆಮಾಡಬೇಕಾದ ಅಂಗಗಳ ಬಗೆಗಿನ ಶರೀಅತ್ತಿನ ನಿಯಮವನ್ನು ಆಟದ ಬಟ್ಟೆಯಲ್ಲೂ ಬಿಡದ ಜನ ಅವರು. ಎದುರಾಳಿಯ ಬೆನ್ನು ನೆಲಕ್ಕೆ ತಾಗಿ ಹೊಟ್ಟೆ ಆಕಾಶಕ್ಕೆ ತಿರುಗಿದರೆ ಪಂದ್ಯ ಮುಗಿಯಿತು. ಹೊಕ್ಕುಳಿಗೆ ನಕ್ಷತ್ರ ಕಂಡಿತು ಎಂದು ತುರ್ಕರು ಅದನ್ನು ಹೇಳುತ್ತಾರೆ.

ಈ ಆಟದ ಅದಬು ಇನ್ನೂ ಸೊಗಸು. ಬೆನ್ನಿಗೆ ತನ್ನ ಕೈ ನಿಲುಕದಿದ್ದರೆ ಎಣ್ಣೆ ಹಚ್ಚಿಕೊಡುವವನು ಎದುರಾಳಿಯೇ. ಜಝ್ಗಿರ್ ಎಂಬಾತ ಇಬ್ಬರನ್ನೂ ಜನರಿಗೆ ಪರಿಚಯಿಸಿ, ಪದ್ಯದಂತಹ ಮಾತುಗಳಲ್ಲಿ ದುಆ ಮಾಡಿ ಮೈದಾನಕ್ಕೆ ಬಿಡುತ್ತಾನೆ. ಪ್ರವಾದಿಯವರ(ಸ) ಚಿಕ್ಕಪ್ಪ ಹಝ್ರತ್ ಹಮ್ಝಾ(ರ)ರನ್ನು ಪೈಲ್ವಾನರೆಲ್ಲರ ಗುರುವೆಂದು ತುರ್ಕರ ಪರಂಪರೆ ಭಾವಿಸುತ್ತದೆ. ನಗಾರಿ ಮತ್ತು ಝುರ್ನಾ ಎಂಬ ಓಲಗದ ಸದ್ದಿಗೆ ಕೈ ಬೀಸುತ್ತಾ, ನೆಲ ಮುಟ್ಟುತ್ತಾ ಅವರು ಮುಂದೆ ಬರುತ್ತಾರೆ. ಒಬ್ಬರಿಗೊಬ್ಬರು ಹಲಾಲ್ ಮಾಡಿಕೊಳ್ಳುತ್ತಾರೆ, ಅಂದರೆ ನನ್ನಿಂದ ನಿನಗೆ ನೋವಾದರೆ ಕ್ಷಮಿಸಿಬಿಡು ಎಂದು ಮೊದಲೇ ಬಿಟ್ಟುಕೊಡುತ್ತಾರೆ. ಪಂದ್ಯ ಮುಗಿದ ಬಳಿಕ ಕಿರಿಯವನು ಹಿರಿಯನ ಕೈಗೆ ಮುತ್ತಿಡುತ್ತಾನೆ. ಗೆದ್ದವನು ಕಿರಿಯವನಾಗಿದ್ದರೂ ಹಾಗೆಯೇ. ಯೂಸುಫ್ ಕಲಿತ ಪಾಠಶಾಲೆ ಇದು. ಮುಂದೆ ಪ್ಯಾರಿಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಅವರಿಗೆ ಏನಾಯಿತೆಂದು ತಿಳಿಯಬೇಕಾದರೆ ಈ ಶಾಲೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ದೇಹಬಲವನ್ನು ಇಸ್ಲಾಮ್ ಕೀಳಾಗಿ ಕಂಡಿಲ್ಲ. ಮಕ್ಕಾದ ಹೆಸರಾಂತ ಜಟ್ಟಿ ರುಕಾನಾನೊಡನೆ ಪ್ರವಾದಿಯವರು(ಸ) ಕುಸ್ತಿಯಾಡಿ ಅವನನ್ನು ಕೆಡವಿದರೆಂದು ಹದೀಸ್ ಗ್ರಂಥಗಳಲ್ಲಿ ವರದಿಯಿದೆ. ಉಸ್ಮಾನೀ ಸುಲ್ತಾನರಲ್ಲಿ 1861ರಿಂದ 1876ರವರೆಗೆ ಆಳಿದ ಅಬ್ದುಲ್ ಅಝೀಝ್ ಸ್ವತಃ ಕುಸ್ತಿಪಟುವಾಗಿದ್ದರು. ಅವರ ಅರಮನೆಯಲ್ಲಿ ಪೈಲ್ವಾನರಿಗೆ ಸಂಬಳವಿತ್ತು, ಗೌರವವಿತ್ತು. ಯೂಸುಫ್ ಬೆಳೆದು ನಿಲ್ಲುವಷ್ಟರಲ್ಲಿ ಆ ಕಾಲ ಮುಗಿದಿತ್ತು.

ಮುಗಿದದ್ದು ಸುಲ್ತಾನರ ಕಾಲ ಮಾತ್ರವಲ್ಲ. 1877-78ರಲ್ಲಿ ರಷ್ಯಾದೊಂದಿಗೆ ನಡೆದ ಯುದ್ಧದಲ್ಲಿ ಉಸ್ಮಾನೀಯರು ಸೋತರು. ಯೂಸುಫ್ ಅವರಿಗೆ ಇಪ್ಪತ್ತು ದಾಟಿತ್ತಷ್ಟೆ. ಅವರು ಹುಟ್ಟಿದ ನೆಲ ಹೊಸ ಬಲ್ಗೇರಿಯಾ ರಾಜ್ಯದ ಪಾಲಾಯಿತು. 1876ರ ದಂಗೆಯಲ್ಲಿ ಬಲ್ಗೇರಿಯಾದ ಕ್ರೈಸ್ತರು ದೊಡ್ಡ ಸಂಖ್ಯೆಯಲ್ಲಿ ಕೊಲ್ಲಲ್ಪಟ್ಟಿದ್ದರು. ಯುದ್ಧದ ಸಮಯದಲ್ಲಿ ಮುಸ್ಲಿಮರ ಸರದಿ ಬಂತು. ಲಕ್ಷಾಂತರ ಮುಸ್ಲಿಮರು ಮನೆಮಠ ಬಿಟ್ಟು, ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ದಕ್ಷಿಣಕ್ಕೆ ಹೊರಟರು. ದಾರಿಯಲ್ಲಿ ಚಳಿಗೆ, ಹಸಿವಿಗೆ, ರೋಗಕ್ಕೆ ಸತ್ತವರು ಅಸಂಖ್ಯ. ಬ್ರಿಟನ್ನಿನ ಗ್ಲಾಡ್‌ಸ್ಟನ್ ಮೊದಲನೆಯ ದುರಂತದ ಬಗ್ಗೆ 1876ರಲ್ಲಿ ಬರೆದ ಪುಸ್ತಿಕೆ ಯುರೋಪನ್ನು ನಡುಗಿಸಿತು. ಎರಡನೆಯ ದುರಂತಕ್ಕೆ ಅಂತಹ ಪುಸ್ತಿಕೆ ಸಿಗಲಿಲ್ಲ. ತುರ್ಕ ಎಂದರೆ ಕ್ರೂರಿ ಎಂಬ ಮಾತು ಪಶ್ಚಿಮದಲ್ಲಿ ಮನೆಮಾತಾದದ್ದು ಆ ವರ್ಷಗಳಲ್ಲಿಯೇ. ಇಪ್ಪತ್ತು ವರ್ಷಗಳ ಬಳಿಕ ಟಿಕೆಟ್ ಮಾರುವವರಿಗೆ ಆ ಮಾತು ಬಹಳ ಪ್ರಯೋಜನಕ್ಕೆ ಬಂತು.

ಕುಸ್ತಿಯವರ ಪಾಲಿಗೆ ಆಗ ಕಿರ್ಕ್‌ಪಿನಾರಿಗಿಂತ ದೊಡ್ಡ ಮೈದಾನವಿರಲಿಲ್ಲ. ಎದಿರ್ನೆ ನಗರಕ್ಕೆ ಹತ್ತಿರದ ಆ ಬಯಲಿನ ಹೆಸರಿನ ಅರ್ಥ ನಲವತ್ತು ಚಿಲುಮೆಗಳು. ಹದಿನಾಲ್ಕನೆಯ ಶತಮಾನದಲ್ಲಿ ಯುರೋಪಿನ ದಡಕ್ಕೆ ದಾಟಿದ ನಲವತ್ತು ಮಂದಿ ಉಸ್ಮಾನೀ ಯೋಧರು ಬಿಡುವಿನಲ್ಲಿ ಕುಸ್ತಿಯಾಡಿದರು, ಅವರಲ್ಲಿ ಇಬ್ಬರು ಸೋಲು ಗೆಲುವು ತೀರ್ಮಾನವಾಗದೆ ರಾತ್ರಿಯವರೆಗೆ ಸೆಣಸಿ ಪ್ರಾಣ ಬಿಟ್ಟರು, ಹೂಳಿದ ಜಾಗದಲ್ಲಿ ನೀರು ಚಿಮ್ಮಿತು ಎಂದು ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟುಕೊಳ್ಳೋಣ. ಸ್ಪರ್ಧೆ ಮಾತ್ರ ನಿಜ. ಹಳೆಯ ಬಯಲು ಗ್ರೀಸಿನ ಗಡಿಯೊಳಗೆ ಹೋದ ಮೇಲೆ 1924ರಿಂದ ಅದು ಎದಿರ್ನೆಯ ಸರಾಯ್‌ಇಚಿಯಲ್ಲಿ ನಡೆಯುತ್ತಾ ಬಂದಿದೆ. 2010ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಮೈದಾನದ ಹಿರಿಯ ಪೈಲ್ವಾನ್ ಆಗ ಪ್ಲೆವ್ನಾದ ಕೆಲ್ ಅಲಿಚೋ. ಇಪ್ಪತ್ತಾರು ವರ್ಷಗಳ ಕಾಲ ಅವರನ್ನು ಯಾರೂ ಕೆಳಗಿಳಿಸಿರಲಿಲ್ಲ ಎಂದು ತುರ್ಕರು ಲೆಕ್ಕ ಹೇಳುತ್ತಾರೆ. 1885ರ ಸುಮಾರಿಗೆ ಯೂಸುಫ್ ಅವರ ಮುಂದೆ ನಿಂತರು. ಒಬ್ಬರಿಗೆ ಇಪ್ಪತ್ತೆಂಟು, ಇನ್ನೊಬ್ಬರು ವಯಸ್ಸಿನ ಇಳಿಜಾರಿನಲ್ಲಿದ್ದವರು. ಆಗಿನ ಕುಸ್ತಿಗೆ ಗಡಿಯಾರದ ಮಿತಿ ಇರಲಿಲ್ಲ. ಹಗಲು ಮುಗಿಯಿತು, ಕತ್ತಲಾಯಿತು, ಯಾರ ಬೆನ್ನೂ ನೆಲ ಮುಟ್ಟಲಿಲ್ಲ. ಕೊನೆಗೆ ಅಲಿಚೋ ತಾವೇ ಕೈ ಬಿಟ್ಟು, ಈ ಮೈದಾನ ಇನ್ನು ನಿನ್ನದು ಎಂದು ಹೇಳಿ ಯುವಕನನ್ನು ತಬ್ಬಿಕೊಂಡರೆಂದು ಪೈಲ್ವಾನರ ಮನೆಗಳಲ್ಲಿ ಹೇಳುತ್ತಾ ಬಂದಿದ್ದಾರೆ. ಕುರ್ಚಿಯನ್ನು ಬಿಡಲು ಯಾರೂ ಸಿದ್ಧರಿಲ್ಲದ ಲೋಕದಲ್ಲಿ ಅಲಿಚೋ ಅವರ ಈ ನಡೆ ಯೂಸುಫ್ ಅವರ ಬಲಕ್ಕಿಂತ ಹೆಚ್ಚು ಮೆಚ್ಚಬೇಕಾದ್ದೆಂದು ನನಗನಿಸುತ್ತದೆ.

ಮುಂದಿನ ಕೆಲವು ವರ್ಷ ಯೂಸುಫ್ ಅವರೇ ರುಮೇಲಿಯಾದ ಹಿರಿಯ ಪೈಲ್ವಾನ್. ಆರಡಿಗೂ ಮಿಕ್ಕ ಎತ್ತರ, ನೂರು ಕಿಲೋ ದಾಟಿದ ತೂಕ, ಬೋಳಿಸಿದ ತಲೆ, ದಟ್ಟ ಮೀಸೆ. ಅವರ ಛಾಯಾಚಿತ್ರಗಳು ಉಳಿದಿವೆ. ಅವುಗಳಲ್ಲಿ ಕಾಣುವುದು ಇಂದಿನ ವ್ಯಾಯಾಮ ಶಾಲೆಗಳಲ್ಲಿ ಕಡೆದಂತೆ ಮಾಡಿಸಿಕೊಂಡ ಮೈಯಲ್ಲ, ನೊಗ ಹೊತ್ತ ಎತ್ತಿನ ಹೆಗಲು.

ಅವರನ್ನು ಪಶ್ಚಿಮಕ್ಕೆ ಕರೆದೊಯ್ದವನು ಜೋಸೆಫ್ ದುಬ್ಲಿಯೆ ಎಂಬ ಫ್ರೆಂಚ್ ಕುಸ್ತಿಪಟು. ಸಾಬೆಸ್ ಎಂಬವನ ಕೈಯಲ್ಲಿ ಸೋತಿದ್ದ ಅವನಿಗೆ ಸೇಡು ಬೇಕಿತ್ತು. ಸ್ವತಃ ಗೆಲ್ಲಲಾರೆನೆಂದು ತಿಳಿದು, ಗೆಲ್ಲಬಲ್ಲವರನ್ನು ಹುಡುಕುತ್ತಾ ತುರ್ಕರ ನಾಡಿಗೆ ಬಂದ. 1890ರ ದಶಕದ ನಡುವಿನಲ್ಲಿ ಯೂಸುಫ್ ಮತ್ತು ಅವರ ಜೊತೆಗಾರರು ಪ್ಯಾರಿಸ್ ತಲಪಿದರು. ಸಾಬೆಸ್ ಅವರ ಮುಂದೆ ಕೆಲವು ಸೆಕೆಂಡುಗಳೂ ನಿಲ್ಲಲಿಲ್ಲ. ದುಬ್ಲಿಯೆಯ ಸೇಡು ತೀರಿತು. ಆದರೆ ಅವನಿಗೆ ಈಗ ಸೇಡಿಗಿಂತ ರುಚಿಯಾದದ್ದೊಂದು ಸಿಕ್ಕಿತ್ತು, ಟಿಕೆಟಿನ ಹಣ.

ಪ್ಯಾರಿಸ್ಸಿನ ಕುಸ್ತಿ ಬೇರೆಯೇ ಬಗೆ. ಅಲ್ಲಿ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ. ಎಣ್ಣೆಯಿಲ್ಲ. ಕಾಲು ಹಿಡಿದು, ಕಿಸ್ಪೆತಿನ ಅಂಚು ಹಿಡಿದು ಎತ್ತಿ ಕೆಡವುವುದನ್ನು ಕಲಿತ ಯೂಸುಫ್ ತಮ್ಮ ಅರ್ಧ ವಿದ್ಯೆಯನ್ನು ಹೊರಗೆ ಬಿಟ್ಟು ರಂಗಕ್ಕೆ ಹೋಗಬೇಕಾಯಿತು. ಆದರೂ ಅವರನ್ನು ಅಲ್ಲಾಡಿಸುವವರು ಇರಲಿಲ್ಲ. ಆಗ ಸಂಘಟಕರು ಮಾಡಿದ ಉಪಾಯ, ತುರ್ಕನ ಮೇಲೆ ತುರ್ಕನನ್ನು ಬಿಡುವುದು. ಯೂಸುಫ್ ಎದುರಿಗೆ ಅವರದೇ ನಾಡಿನ ಇಬ್ರಾಹೀಮ್ ಮಹ್ಮೂದ್ ಬಂದರು. ಫ್ರಾನ್ಸಿನ ಎದ್ಮೋಂ ದೆಬೊನೆ 1910ರಲ್ಲಿ ಪ್ರಕಟಿಸಿದ ಕುಸ್ತಿಯ ಅರಸರ ಕುರಿತ ಪುಸ್ತಕದಲ್ಲಿ ಈ ಪಂದ್ಯದ ವಿವರಣೆ ಇದೆ. ಓದಿದರೆ ಮೈ ಜುಮ್ಮೆನ್ನುತ್ತದೆ. ಮೈದಾನದಲ್ಲಿ ಒಬ್ಬರ ಬೆನ್ನಿಗೊಬ್ಬರು ಎಣ್ಣೆ ಹಚ್ಚಿಕೊಂಡು, ಹಲಾಲ್ ಮಾಡಿಕೊಂಡು ಆಡುತ್ತಿದ್ದ ಇಬ್ಬರು ಮುಸ್ಲಿಮರು ಅನ್ಯರ ಸಭೆಯಲ್ಲಿ ರಕ್ತ ಸುರಿಸಿಕೊಂಡು ಹೊಡೆದಾಡಿದರು. ಹಣ ತೆತ್ತು ನೋಡಲು ಬಂದವರೇ ಸಾಕು ಮಾಡಿ ಎಂದು ಕೂಗಿದರಂತೆ.

1898ರ ವಸಂತದಲ್ಲಿ ಯೂಸುಫ್ ಅಮೆರಿಕಕ್ಕೆ ಬಂದರು. ಅಲ್ಲಿ ಅವರ ವ್ಯವಹಾರ ನೋಡಿಕೊಂಡದ್ದು ವಿಲಿಯಂ ಬ್ರೇಡಿ, ಮುಷ್ಟಿಕಾಳಗದ ಚಾಂಪಿಯನ್ನರನ್ನೂ ನಾಟಕಗಳನ್ನೂ ಒಟ್ಟೊಟ್ಟಿಗೆ ನಡೆಸುತ್ತಿದ್ದ ಚತುರ. ಯೂಸುಫ್ ಅವರಿಗೆ ಇಂಗ್ಲಿಷ್ ಬಾರದು. ಅವರ ಪರವಾಗಿ ಸವಾಲು ಹಾಕಿದವರು ಬೇರೆಯವರು, ಪತ್ರಿಕೆಗಳಿಗೆ ಕತೆ ಕೊಟ್ಟವರೂ ಬೇರೆಯವರು. ಅವರ ಊಟ, ಅವರ ಕೋಪ, ಅವರ ಹಣದಾಸೆ, ಎಲ್ಲವೂ ಪತ್ರಿಕೆಗಳಲ್ಲಿ ಹತ್ತು ಪಟ್ಟಾಗಿ ಬಂದವು. ಹದಿನೈದು ನಿಮಿಷ ತಡೆದು ನಿಂತವರಿಗೆ ನೂರು ಡಾಲರ್ ಎಂದು ಸಾರಲಾಯಿತು. ಹಗುರ ತೂಕದ ಜಾರ್ಜ್ ಬೋತ್ನರ್ ಧೈರ್ಯ ಮಾಡಿದ. ಯೂಸುಫ್ ಅವನನ್ನು ಎತ್ತಿ ಒಗೆದ ರಭಸಕ್ಕೆ ಅವನ ಕುತ್ತಿಗೆ ಬಹಳ ಕಾಲ ನೋಯುತ್ತಿತ್ತು.

ಮಾರ್ಚ್ 26ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎರ್ನೆಸ್ಟ್ ರೋಬರನೊಂದಿಗೆ ಪಂದ್ಯ. ಎತ್ತರದ ವೇದಿಕೆ, ಸುತ್ತ ಹಗ್ಗವಿಲ್ಲ. ರೋಬರ್ ಅನುಭವಿ. ಈ ಬಲಶಾಲಿಯ ಹಿಡಿತಕ್ಕೆ ಸಿಕ್ಕರೆ ಉಳಿಗಾಲವಿಲ್ಲವೆಂದು ಅರಿತು ಅಂಚಿನಲ್ಲೇ ಹಿಂದೆ ಹಿಂದೆ ಸರಿಯುತ್ತಿದ್ದ. ಯೂಸುಫ್ ತಾಳ್ಮೆ ಕಳಕೊಂಡರು. ಎರಡೂ ಕೈಗಳಿಂದ ತಳ್ಳಿಬಿಟ್ಟರು. ರೋಬರ್ ವೇದಿಕೆಯಿಂದ ಕೆಳಕ್ಕೆ ಬಿದ್ದು ಗಾಯಗೊಂಡ. ಸಭೆ ರೊಚ್ಚಿಗೆದ್ದಿತು. ತೀರ್ಪುಗಾರ ರೋಬರ್ ಗೆದ್ದನೆಂದು ಸಾರಿದ.

ನಮ್ಮವರೆಂಬ ಕಾರಣಕ್ಕೆ ಇದನ್ನು ಸಮರ್ಥಿಸಬೇಕಾಗಿಲ್ಲ. ಎದುರಾಳಿ ಓಡುತ್ತಿದ್ದ ಎಂಬುದು ನೆಪವಾದೀತೇ ಹೊರತು ನ್ಯಾಯವಾಗದು. ಎದುರಾಳಿಯನ್ನು ಕೆಡವುವವನಲ್ಲ, ಸಿಟ್ಟು ಬಂದಾಗ ತನ್ನನ್ನು ತಾನು ಹಿಡಿದುಕೊಳ್ಳುವವನೇ ನಿಜವಾದ ಜಟ್ಟಿ ಎಂಬರ್ಥದಲ್ಲಿ ಪ್ರವಾದಿಯವರು(ಸ) ಕಲಿಸಿದ್ದು ನಮಗೆಲ್ಲ ತಿಳಿದಿದೆ. ಆ ರಾತ್ರಿ ಯೂಸುಫ್ ಸೋತದ್ದು ಆ ಕುಸ್ತಿಯಲ್ಲಿ. ಆದರೆ ಮರುದಿನ ಅಮೆರಿಕದ ಪತ್ರಿಕೆಗಳು ಒಬ್ಬ ಮನುಷ್ಯನ ಸಿಟ್ಟನ್ನು ಒಂದು ಜನಾಂಗದ ಸ್ವಭಾವವಾಗಿ ಬರೆದವು. ಗ್ರೀಸಿನ ಮೇಲೆ ಉಸ್ಮಾನೀಯರು ಗೆದ್ದು ಒಂದು ವರ್ಷವೂ ಆಗಿರಲಿಲ್ಲ. ಆರ್ಮೇನಿಯನ್ನರ ಹತ್ಯೆಗಳ ಸುದ್ದಿ ಇನ್ನೂ ಬಿಸಿಯಾಗಿತ್ತು. ಆ ಕೋಪವೆಲ್ಲ ಕರಲಾರ್ ಹಳ್ಳಿಯ ರೈತನ ಹೆಗಲಿಗೆ ಬಿತ್ತು. ಬ್ರೇಡಿಗೇನೂ ನಷ್ಟವಾಗಲಿಲ್ಲ. ಮುಂದಿನ ಪಂದ್ಯಕ್ಕೆ ಜನ ಇನ್ನೂ ಹೆಚ್ಚು ಬರುವರೆಂದು ಅವನಿಗೆ ಗೊತ್ತಿತ್ತು.

ಬಂದರು ಕೂಡ. ಏಪ್ರಿಲ್ 30ರಂದು ಮೆಟ್ರೋಪಾಲಿಟನ್ ಒಪೆರಾ ಹೌಸ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು. ಪಂದ್ಯ ಗುದ್ದಾಟವಾಯಿತು. ಎರಡೂ ಕಡೆಯ ವ್ಯವಸ್ಥಾಪಕರೇ ವೇದಿಕೆಗೆ ನುಗ್ಗಿದರು, ಜನ ಎದ್ದು ನಿಂತರು, ಪೋಲೀಸರು ಬಂದರು, ತೀರ್ಪಿಲ್ಲದೆ ಎಲ್ಲ ಮುಗಿಯಿತು. ಜೂನ್ 20ರಂದು ಶಿಕಾಗೋದಲ್ಲಿ ಇವಾನ್ ಲೂಯಿಸ್ ಎದುರಾಳಿ. ಕತ್ತು ಹಿಸುಕುವ ಪಟ್ಟಿಗೆ ಕುಖ್ಯಾತನಾಗಿ, ಕತ್ತು ಹಿಸುಕುವವನೆಂದೇ ಅಡ್ಡಹೆಸರು ಪಡೆದಿದ್ದ ಅಮೆರಿಕದ ಹಿರಿಯ ಜಟ್ಟಿ ಅವನು. ಯೂಸುಫ್ ಅವನನ್ನೂ ಸೋಲಿಸಿದರು. ಭಯಂಕರ ಎಂಬ ಬಿರುದು ಕತ್ತು ಹಿಸುಕುವವನಿಗೆ ಸಿಗದೆ ಇವರಿಗೇಕೆ ಸಿಕ್ಕಿತೆಂದು ಆಗ ಯಾರೂ ಕೇಳಿದಂತಿಲ್ಲ.

ಈ ಪಂದ್ಯಗಳ ಸುತ್ತ ಜೂಜು ಧಾರಾಳವಾಗಿ ನಡೆಯುತ್ತಿತ್ತು. ಊರ ಹಬ್ಬದ ಟಗರಿನ ಬಹುಮಾನಕ್ಕೂ ಬಾಜಿ ಕಟ್ಟುವವರ ಡಾಲರಿಗೂ ಅಂತರವಿದೆ. ಸ್ಪರ್ಧೆಯ ಬಹುಮಾನದಲ್ಲಿ ಯಾವುದು ಸಮ್ಮತ, ಯಾವುದು ಅಲ್ಲ ಎಂಬುದನ್ನು ನಮ್ಮ ಫಿಕ್ಹ್ ವಿದ್ವಾಂಸರು ವಿವರವಾಗಿ ಚರ್ಚಿಸಿದ್ದಾರೆ. ಜೂಜಿನ ಬಗ್ಗೆ ಮಾತ್ರ ಅವರಲ್ಲಿ ಭಿನ್ನಮತವಿಲ್ಲ. ಯೂಸುಫ್ ಬಾಜಿ ಕಟ್ಟಿದರೆಂದು ಹೇಳುವಂತಿಲ್ಲ. ಆದರೆ ಬಾಜಿಯ ಪೇಟೆಯ ನಡುವೆ ತನ್ನ ಬಲವನ್ನು ಮಾರಾಟಕ್ಕಿಡಬೇಕಾಗಿ ಬಂದ ಮನುಷ್ಯನ ಸ್ಥಿತಿ ಸುಖದ್ದಲ್ಲ.

ಸಂಪಾದನೆ ಕೈಗೆ ಬಂದ ಮೇಲೆ ಯೂಸುಫ್ ಊರಿಗೆ ಹೊರಟರು. 1898 ಜುಲೈ 2ರಂದು ನ್ಯೂಯಾರ್ಕಿನಿಂದ ಫ್ರಾನ್ಸಿನ ಲ ಹಾವ್ರ್ ಬಂದರಿಗೆ ಹೊರಟ ಲಾ ಬೂರ್ಗೋಞ್ ಎಂಬ ಫ್ರೆಂಚ್ ಹಡಗನ್ನು ಹತ್ತಿದರು. ಅದರಲ್ಲಿ ಏಳು ನೂರಕ್ಕೂ ಹೆಚ್ಚು ಜನರಿದ್ದರು. ಜುಲೈ 4ರ ಮುಂಜಾನೆ ಐದು ಗಂಟೆಯ ಹೊತ್ತಿಗೆ ಕೆನಡಾದ ಸೇಬಲ್ ದ್ವೀಪದ ದಕ್ಷಿಣಕ್ಕೆ ದಟ್ಟ ಮಂಜಿನಲ್ಲಿ ಕ್ರೋಮಾರ್ಟಿಶೈರ್ ಎಂಬ ಬ್ರಿಟಿಷ್ ಹಾಯಿಹಡಗು ಅದರ ಬಲ ಪಕ್ಕಕ್ಕೆ ಅಪ್ಪಳಿಸಿತು. ಹಾಯಿಹಡಗು ಮೂತಿ ಒಡಕೊಂಡು ಉಳಿಯಿತು. ಉಗಿಹಡಗು ಒಂದು ಗಂಟೆಯೊಳಗೆ ಮುಳುಗಿತು.

ಆ ಹೊತ್ತಿನಲ್ಲಿ ನಡೆದದ್ದು ಮನುಷ್ಯಕುಲಕ್ಕೆ ನಾಚಿಕೆಗೇಡು. ಐನೂರಕ್ಕೂ ಹೆಚ್ಚು ಜನ ಸತ್ತರು. ಹಡಗಿನಲ್ಲಿದ್ದ ಅಷ್ಟೊಂದು ಹೆಂಗಸರಲ್ಲಿ ಬದುಕಿ ದಡ ಸೇರಿದ್ದು ಒಬ್ಬರೇ ಒಬ್ಬರು. ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. ಆದರೆ ಹಡಗಿನ ಕೆಲಸಗಾರರು ಬಹಳ ಮಂದಿ ಉಳಿದರು. ದೋಣಿಗಳನ್ನು ಅವರು ಮೊದಲು ತಮ್ಮದಾಗಿಸಿಕೊಂಡರೆಂದೂ, ನೀರಿನಿಂದ ಹತ್ತಲು ಬಂದವರನ್ನು ಹುಟ್ಟುಗಳಿಂದ ಹೊಡೆದು ತಳ್ಳಿದರೆಂದೂ ಬದುಕುಳಿದ ಪ್ರಯಾಣಿಕರು ದೂರಿದರು. ಯೂಸುಫ್ ಮುಳುಗಿದವರಲ್ಲಿ ಒಬ್ಬರು. ಆಗ ಅವರಿಗೆ ನಲವತ್ತೊಂದು ವರ್ಷ.

ಅವರ ಸಾವಿನ ಬಗ್ಗೆ ಎರಡು ಕತೆಗಳು ಹುಟ್ಟಿದವು. ಸಂಪಾದಿಸಿದ್ದನ್ನೆಲ್ಲ ಚಿನ್ನದ ನಾಣ್ಯಗಳಾಗಿ ಸೊಂಟಪಟ್ಟಿಯಲ್ಲಿ ಕಟ್ಟಿಕೊಂಡಿದ್ದರು, ಬಿಚ್ಚಲು ಒಪ್ಪದೆ ಅದರ ಭಾರಕ್ಕೆ ಕಲ್ಲಿನಂತೆ ಮುಳುಗಿದರು ಎಂಬುದು ಒಂದು. ದೋಣಿಗಾಗಿ ಹೆಂಗಸರು ಮಕ್ಕಳನ್ನು ತುಳಿದು ನುಗ್ಗಿದರು, ದೋಣಿಯ ಅಂಚು ಹಿಡಿದಾಗ ನಾವಿಕರು ಅವರ ಕೈಗಳನ್ನು ಕಡಿದರು ಎಂಬುದು ಇನ್ನೊಂದು. ಈ ಕತೆಗಳು ನೂರಾರು ಪುಸ್ತಕಗಳಲ್ಲಿ ಒಂದರಿಂದೊಂದಕ್ಕೆ ನಕಲಾಗಿವೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸುದ್ದಿ ತಂದವನು ಯಾರೆಂದು ನೋಡಿ, ವಿಚಾರಿಸಿ, ಬಳಿಕ ನಂಬಬೇಕೆಂಬ ಆದೇಶ ಸೂರಃ ಅಲ್ ಹುಜುರಾತ್‌ನಲ್ಲಿದೆ. ಈ ಸುದ್ದಿ ತಂದವರು ಯಾರು? ಚಿನ್ನದ ಕತೆಯನ್ನು ಬಣ್ಣಿಸಿ ಹೇಳಿದವರಲ್ಲಿ ಬ್ರೇಡಿಯೂ ಒಬ್ಬ. ಅವನು ಆ ಹಡಗಿನಲ್ಲಿರಲಿಲ್ಲ. ಕತೆ ಮಾರುವುದೇ ಅವನ ಕಸುಬು. ತುಳಿದು ನುಗ್ಗಿದ ಕತೆ ಹರಡಿದ್ದು ತುಳಿದು ನುಗ್ಗಿದ ಆರೋಪ ಸ್ವತಃ ನಾವಿಕರ ಮೇಲಿದ್ದ ದಿನಗಳಲ್ಲಿ. ಸತ್ತ ಭಯಂಕರ ತುರ್ಕನೊಬ್ಬ ಸಿಕ್ಕಿದರೆ ಬದುಕಿದವರ ಅಪರಾಧ ಎಷ್ಟೋ ಹಗುರವಾಗುತ್ತದೆ.

ಇನ್ನು ಚಿನ್ನ. ಅದರ ಮೊತ್ತ ಹೇಳುವ ಬಾಯಿಗೆ ತಕ್ಕಂತೆ ಏರಿ ಇಳಿಯುತ್ತದೆ. ಹತ್ತು ಸಾವಿರ ಡಾಲರ್ ಎಂದೇ ಇಟ್ಟುಕೊಂಡರೂ, ಆಗಿನ ಇಪ್ಪತ್ತು ಡಾಲರಿನ ನಾಣ್ಯ 33 ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಐನೂರು ನಾಣ್ಯಗಳಿಗೆ ಹದಿನೇಳು ಕಿಲೋದಷ್ಟಾಗುತ್ತದೆ. ಅಷ್ಟನ್ನು ಎರಡು ದಿನ ಹಗಲಿರುಳು ಸೊಂಟದಲ್ಲಿ ಹೊತ್ತು ತಿರುಗಿದರೆಂದು ನಂಬುವುದು ಕಷ್ಟ. ಸ್ವಲ್ಪ ಹಣ ಪಟ್ಟಿಯಲ್ಲಿದ್ದಿರಬಹುದು. ಬ್ಯಾಂಕಿನ ಮುಖ ಕಾಣದ ಹಳ್ಳಿಗರು ದೂರ ಪ್ರಯಾಣದಲ್ಲಿ ಹಣವನ್ನು ಮೈಗೆ ಕಟ್ಟಿಕೊಳ್ಳುವುದು ಎಲ್ಲ ನಾಡಿನಲ್ಲೂ ಇತ್ತು. ಅದು ದುರಾಸೆಯಲ್ಲ, ಮನೆಯವರ ಅನ್ನ. ಆ ದಿನ ಸೊಂಟದಲ್ಲಿ ಚಿನ್ನವಿಲ್ಲದ ಐನೂರು ಜನರೂ ಮುಳುಗಿದರಲ್ಲ? ದುರಾಸೆಗೆ ಉದಾಹರಣೆ ಬೇಕಾದವರಿಗೆ ಕುರ್ಆನಿನಲ್ಲಿ ಕಾರೂನನ ಕತೆ ಇದೆ. ಅದರ ಪಕ್ಕದಲ್ಲಿ ನಿಲ್ಲಿಸಲು ಸಾಕ್ಷಿಯಿಲ್ಲದ ಆರೋಪದ ಮೇಲೆ ಒಬ್ಬ ಮೃತ ಸಹೋದರನನ್ನು ಎಳೆತರಬೇಕಾಗಿಲ್ಲ. ಈಮಾನಿನೊಂದಿಗೆ ನೀರಿನಲ್ಲಿ ಮುಳುಗಿ ಸತ್ತವರನ್ನು ಶಹೀದರ ಸಾಲಿನಲ್ಲಿ ಎಣಿಸುವ ಹದೀಸನ್ನು ಕೇಳಿದವರು ಇಂತಹ ಮಾತಾಡುವಾಗ ನಾಲಗೆಯನ್ನು ಇನ್ನೂ ಬಿಗಿಹಿಡಿಯಬೇಕು.

ಅವರು ಸತ್ತ ಮೇಲೂ ಅಮೆರಿಕದ ಕುಸ್ತಿ ಪೇಟೆಯಲ್ಲಿ ಭಯಂಕರ ತುರ್ಕರಿಗೆ ಬರವಾಗಲಿಲ್ಲ. ಆ ಬಿರುದು ಒಬ್ಬರಿಂದೊಬ್ಬರಿಗೆ ಹೋಯಿತು. ಅದನ್ನು ಹೊತ್ತವರಲ್ಲಿ ಕೆಲವರು ತುರ್ಕರೇ ಆಗಿರಲಿಲ್ಲ. ವೇಷ ತೊಟ್ಟು, ಹುಬ್ಬುಗಂಟಿಕ್ಕಿ ಬಂದರೆ ಟಿಕೆಟು ಮಾರಾಟವಾಗುತ್ತಿತ್ತು.

ತುರ್ಕರು ಮಾತ್ರ ಅವರನ್ನು ತಮ್ಮದೇ ಹೆಸರಿನಿಂದ ನೆನಪಿಟ್ಟುಕೊಂಡರು. ತುರ್ಕಿಯ ವಾಯುಪಡೆ 2014ರಲ್ಲಿ ಪಡೆದ ಎ400ಎಂ ಎಂಬ ಭಾರೀ ಸಾಗಾಟ ವಿಮಾನಗಳಿಗೆ ಕೋಜಾ ಯೂಸುಫ್ ಎಂದು ಹೆಸರಿಡಲಾಯಿತು. 2023ರ ಫೆಬ್ರವರಿಯಲ್ಲಿ ದಕ್ಷಿಣ ತುರ್ಕಿಯ ಭೂಕಂಪದಲ್ಲಿ ಊರೂರೇ ಕುಸಿದಾಗ ರಕ್ಷಣಾ ತಂಡಗಳನ್ನು ಹೊತ್ತು ಹೋಗಿ, ಗಾಯಾಳುಗಳನ್ನು ತುಂಬಿಕೊಂಡು ಮರಳಿದ ವಿಮಾನಗಳಲ್ಲಿ ಅವೂ ಇದ್ದವು.